ಕಾರಿನ ಮೋಹವಲ್ಲ, ಬೇರೆ ದಾರಿಯೇ ಇಲ್ಲ

ಮಾನ್ಯರೇ,

ಕ್ಯಾಲಿಫೋರ್ನಿಯಾದ ಹೈಸ್ಪೀಡ್ ರೈಲಿನ ಬಗ್ಗೆ ಭಾನುವಾರ ನೀವು ಪ್ರಕಟಿಸಿದ ವರದಿಯನ್ನು ನಾನು ಓದಿದ್ದು ಲಾಸ್ ಏಂಜಲೀಸ್‌ಗೆ ಹೋಗುವ ಹೆದ್ದಾರಿ ಬೆಟ್ಟ ಹತ್ತುವ ಗ್ರೇಪ್‌ವೈನ್ ಏರಿನಲ್ಲಿ, ಎಂಜಿನ್ ಆರಿಸಿದ ಕಾರಿನೊಳಗೆ ಕುಳಿತು. ‘ಅಮೆರಿಕದವರು ಕಾರು ಬಿಡುವುದಿಲ್ಲ, ಅಲ್ಲಿ ರೈಲು ನಡೆಯುವುದಿಲ್ಲ’ ಎಂಬ ಮಾತು ಓದಿ ಮೈ ಉರಿಯಿತು. ಮುಂದೆ ಎಲ್ಲೋ ಲಾರಿ ಮಗುಚಿ ಐ-5 ಹೆದ್ದಾರಿ ಬಂದ್ ಆಗಿತ್ತು. ಲಾಸ್ ಏಂಜಲೀಸ್ ಆಚೆಯ ಇರ್ವೈನ್‌ನಲ್ಲಿ ತಂಗಿಯ ಮಗುವಿನ ನಾಮಕರಣ. ಬೆಳಗಿನ ಜಾವ ನಾಲ್ಕಕ್ಕೆ ಸ್ಯಾನ್ ಫ್ರಾನ್ಸಿಸ್ಕೊ ಬಳಿಯ ಫ್ರೀಮಾಂಟ್ ಬಿಟ್ಟ ನಾವು ತಲುಪಿದ್ದು ಮಧ್ಯಾಹ್ನ ಮೂರಕ್ಕೆ. ಅಷ್ಟರಲ್ಲಿ ತೊಟ್ಟಿಲು ಶಾಸ್ತ್ರ ಮುಗಿದು ಬಂದವರು ಎಲೆ ಅಡಿಕೆ ತೆಗೆದುಕೊಂಡು ಹೊರಟಿದ್ದರು.

ಮೈಸೂರಿನಿಂದ ಬಂದಿರುವ ಅಮ್ಮನಿಗೆ 72 ವರ್ಷ. ಶೌಚಾಲಯ ಸಿಗದೆ ಹೋದರೆ ಎಂಬ ಭಯಕ್ಕೆ ಬೆಳಗಿನಿಂದ ಒಂದು ಗುಟುಕು ನೀರನ್ನೂ ಕುಡಿದಿರಲಿಲ್ಲ. ಮೊಸರನ್ನದ ಡಬ್ಬಿಯನ್ನು ಮುಚ್ಚಳ ತೆಗೆಯದೆ ತೊಡೆಯ ಮೇಲಿಟ್ಟುಕೊಂಡೇ ಕುಳಿತಿದ್ದರು. “ಇಷ್ಟು ದೊಡ್ಡ ದೇಶದಲ್ಲಿ ಒಂದು ರೈಲಿಲ್ಲವೇನೋ?” ಎಂದು ಕೇಳಿದರು. ಏನು ಹೇಳಲಿ? ಈಗಿರುವ ಕಣಿವೆಯ ರೈಲು ಈ ಬೆಟ್ಟದ ಈಚೆಗಿರುವ ಬೇಕರ್ಸ್‌ಫೀಲ್ಡ್‌ವರೆಗೆ ಮಾತ್ರ. ಅಲ್ಲಿಂದ ಲಾಸ್ ಏಂಜಲೀಸ್‌ಗೆ ಬಸ್ಸು, ಆ ಬಸ್ಸೂ ಇದೇ ಏರನ್ನೇ ಹತ್ತಬೇಕು. ಕರಾವಳಿಯ ರೈಲು ದಿನಕ್ಕೆ ಒಂದೇ, ಅದರಲ್ಲಿ ಅರ್ಧ ದಿನವೇ ಕಳೆದುಹೋಗುತ್ತದೆ.

ಹೈಸ್ಪೀಡ್ ರೈಲಿಗೆಂದು 2008ರಲ್ಲಿ ಮತದಾರರು 9.95 ಶತಕೋಟಿ ಡಾಲರ್ ಸಾಲಪತ್ರಕ್ಕೆ ಒಪ್ಪಿಗೆ ಕೊಟ್ಟರು. ಸ್ಯಾನ್ ಫ್ರಾನ್ಸಿಸ್ಕೊದಿಂದ ಲಾಸ್ ಏಂಜಲೀಸ್‌ಗೆ 2 ಗಂಟೆ 40 ನಿಮಿಷ ಎಂದು ಮಾತು ಕೊಟ್ಟಿದ್ದರು. ಕೆಲಸ ಶುರುವಾಗಿದ್ದೇ 2015ರಲ್ಲಿ. 2008ರಲ್ಲಿ ಸುಮಾರು 33 ಶತಕೋಟಿ ಎಂದಿದ್ದ ಖರ್ಚು ಈಗ 100 ಶತಕೋಟಿ ದಾಟಿದೆ, ಮೊದಲು ಓಡುವುದು ಮರ್ಸೆಡ್‌ನಿಂದ ಬೇಕರ್ಸ್‌ಫೀಲ್ಡ್‌ವರೆಗೆ ಮಾತ್ರವಂತೆ. ಬೆಟ್ಟದ ಈಚೆಗೇ ನಿಂತಿತು! ಕೇಂದ್ರ ಸರ್ಕಾರವೂ 2025ರಲ್ಲಿ ಸುಮಾರು 4 ಶತಕೋಟಿ ಡಾಲರ್ ನೆರವನ್ನು ಕಿತ್ತುಕೊಂಡಿತು. ಫ್ರೆಸ್ನೊ ಬಳಿ ಈ ರೈಲಿಗೆಂದು ಕಟ್ಟಿದ ಮೇಲ್ಸೇತುವೆಯ ಕಮಾನುಗಳನ್ನು ನಾನೇ ನೋಡಿದ್ದೇನೆ. ಆಗ ಅದರ ಮೇಲೆ ಹಳಿ ಇರಲಿಲ್ಲ. ಇದರಲ್ಲಿ ಕಾರು ಓಡಿಸುವವರ ತಪ್ಪೇನಿದೆ?

ಫ್ಲಾರಿಡಾದವರೂ ಕಾರಿನಲ್ಲೇ ಬದುಕುವವರು. 2023ರಲ್ಲಿ ಮಯಾಮಿಯಿಂದ ಒರ್ಲಾಂಡೊಗೆ ರೈಲು ಬಿಟ್ಟ ಮೇಲೆ ಜನ ಹತ್ತುತ್ತಿದ್ದಾರೆ. ನ್ಯೂಯಾರ್ಕ್–ವಾಷಿಂಗ್ಟನ್ ನಡುವೆ ವಿಮಾನಕ್ಕಿಂತ ರೈಲಿನಲ್ಲಿ ಹೋಗುವವರೇ ಹೆಚ್ಚು. ರೈಲು ಕೊಟ್ಟು ನೋಡಿ, ಆಮೇಲೆ ನಮ್ಮನ್ನು ಬೈಯಿರಿ.

ಈ ಅಧಿಕಾರಿಗಳ ಸ್ವಭಾವವೇ ಹೀಗೆ. ನಮ್ಮ ಬಡಾವಣೆಯಿಂದ ಬಾರ್ಟ್ (ಇಲ್ಲಿನ ಮೆಟ್ರೊ ರೈಲು) ನಿಲ್ದಾಣಕ್ಕೆ ಗಂಟೆಗೊಂದು ಬಸ್ಸು, ಅದೂ ಸಂಜೆ ಏಳಕ್ಕೆ ಮುಗಿಯುತ್ತದೆ. ಎರಡು ವರ್ಷದ ಹಿಂದೆ ದೂರು ಬರೆದೆ. ದೂರಿನ ಸಂಖ್ಯೆ ಬಂತು, ಬಸ್ಸು ಬರಲಿಲ್ಲ. ಅಮ್ಮ ನಡೆದು ಹೋಗೋಣವೆಂದರೆ ಕಾಲುದಾರಿ ಅರ್ಧದಲ್ಲೇ ಕೊನೆಯಾಗಿ ಮುಂದೆ ಬರೀ ಪೊದೆ. ಅದಕ್ಕೂ ಬರೆದೆ, ಅದಕ್ಕೂ ಒಂದು ಸಂಖ್ಯೆ ಬಂತು.

2008ರಲ್ಲಿ ನನಗೆ ಇಲ್ಲಿ ಮತವಿರಲಿಲ್ಲ, ಆದರೆ ಅಂದಿನಿಂದಲೂ ತೆರಿಗೆ ಕಟ್ಟುತ್ತಿದ್ದೇನೆ. ಬೆಟ್ಟ ಕೊರೆದು ರೈಲನ್ನು ಊರಿನವರೆಗೆ ತರಲಿ, ಇಲ್ಲವೇ ಇಷ್ಟು ವರ್ಷದ ಹಣದ ಲೆಕ್ಕ ಕೊಡಲಿ. ಅದೂ ಆಗದಿದ್ದರೆ ಆ ಏರಿನಲ್ಲಿ ನಾಲ್ಕು ಶೌಚಾಲಯಗಳನ್ನಾದರೂ ಕಟ್ಟಿಸಲಿ. ನೀವೂ ಇನ್ನು ಮುಂದೆ ಕಾರಿನ ಮೋಹ ಎಂದು ಬರೆಯುವ ಮೊದಲು ಆ ಹೆದ್ದಾರಿಯಲ್ಲಿ ವಯಸ್ಸಾದವರನ್ನು ಕೂರಿಸಿಕೊಂಡು ಒಮ್ಮೆ ಹೋಗಿ ಬನ್ನಿ.

– ನೊಂದ ಓದುಗ, ಫ್ರೀಮಾಂಟ್, ಕ್ಯಾಲಿಫೋರ್ನಿಯಾ