ನಿಯಮ ಸಡಿಲಿಸಿದವರಿಗೂ, ಬಕೆಟ್ ಹೊತ್ತವರಿಗೂ

2024ರ ನವೆಂಬರ್ 18ಕ್ಕೆ, ಅಮೆರಿಕದ ನಾರ್ತ್ ಕ್ಯಾರೊಲೈನಾ ರಾಜ್ಯದ ನಮ್ಮ ಆ್ಯಶ್‌ವಿಲ್ ಊರಿನ ನಲ್ಲಿ ನೀರನ್ನು ಕುದಿಸದೆ ಕುಡಿಯಬಹುದು ಎಂಬ ಪ್ರಕಟಣೆ ಬಂತು. ಹೆಲೀನ್ ಚಂಡಮಾರುತ ಹೋಗಿ ಅಷ್ಟೊತ್ತಿಗೆ ಏಳು ವಾರ ದಾಟಿತ್ತು. ಆ ದಿನಗಳಲ್ಲಿ ಎಷ್ಟೋ ಜನ ಮೆಸೇಜ್ ಮಾಡಿ ವಿಚಾರಿಸಿದ್ದಿರಿ. ಯಾರಿಗೂ ಸರಿಯಾಗಿ ಉತ್ತರ ಕೊಡಲು ಆಗಲಿಲ್ಲ. ಈಗ ಕೂತು ಬರೆಯುತ್ತಿದ್ದೇನೆ.

ನಾನು ಕೆಲಸ ಮಾಡುವುದು ಹಿರಿಯರ ಆರೈಕೆ ಕೇಂದ್ರದಲ್ಲಿ. ಎದ್ದು ನಡೆಯಲಾಗದವರು, ಮರೆವಿನ ಕಾಯಿಲೆಯವರು, ಆಸ್ಪತ್ರೆಯಿಂದ ಬಂದು ಚೇತರಿಸಿಕೊಳ್ಳುತ್ತಿರುವವರು ಇಲ್ಲಿರುತ್ತಾರೆ. ಸೆಪ್ಟೆಂಬರ್ 26ರ ರಾತ್ರಿ ಹೆಲೀನ್ ಫ್ಲಾರಿಡಾ ಕರಾವಳಿಗೆ ಅಪ್ಪಳಿಸಿತು. ಮರುದಿನ ಬೆಳಿಗ್ಗೆ ನಾರ್ತ್ ಕ್ಯಾರೊಲೈನಾದ ಈ ಬೆಟ್ಟಗಳಲ್ಲಿ ಹೊಳೆಗಳು ಉಕ್ಕಿದವು. ಸಮುದ್ರದಿಂದ ಇಷ್ಟು ದೂರ ಇರುವ ನಮಗೂ ಚಂಡಮಾರುತ ಬರುತ್ತೆ ಅಂತ ಯಾರು ಅಂದುಕೊಳ್ಳುತ್ತಾರೆ? ಫ್ರೆಂಚ್ ಬ್ರಾಡ್ ನದಿ ಇಲ್ಲಿ 1916ರ ಮಹಾಪ್ರವಾಹದ ಮಟ್ಟವನ್ನೂ ಮೀರಿತು. ಕರೆಂಟ್ ಹೋಯಿತು, ಫೋನ್ ಹೋಯಿತು. ಜಲಾಶಯದಿಂದ ಊರಿಗೆ ನೀರು ತರುವ ದೊಡ್ಡ ಪೈಪುಗಳೇ ಕೊಚ್ಚಿಹೋದವು. ಮಲೆನಾಡಿನಲ್ಲಿ ಬೆಳೆದವಳು ನಾನು, ಗುಡ್ಡ ಜರಿಯುವುದನ್ನು ಕಂಡಿದ್ದೇನೆ. ಆದರೂ ಇದಕ್ಕೆ ಎದೆ ನಡುಗಿತು.

ಮೊದಲ ನಮಸ್ಕಾರ ನಮ್ಮ ಸಹಾಯಕಿಯರಿಗೆ. ಅವರಲ್ಲಿ ಕೆಲವರಿಗೆ ತಮ್ಮ ಮನೆ ಉಳಿದಿದೆಯೋ ಇಲ್ಲವೋ ಎಂದೂ ಗೊತ್ತಿರಲಿಲ್ಲ. ಹಾಗಿದ್ದೂ ಪಾಳಿ ಮುಗಿಸಿ ಹೋಗದೆ ಅಲ್ಲೇ ಮಲಗಿ ಅಲ್ಲೇ ಎದ್ದರು. ಇಂಥ ಕಡೆ ನೀರಿಲ್ಲ ಅಂದರೆ ಏನು ಅನ್ನುವುದು ಹೊರಗಿನವರಿಗೆ ಸುಲಭವಾಗಿ ಅಂದಾಜಾಗುವುದಿಲ್ಲ. ಬಾಯಾರಿಕೆಗೆ ಬಾಟಲಿ ನೀರು ಹೇಗೋ ಸಿಗುತ್ತದೆ. ಟಾಯ್ಲೆಟ್‌ಗೆ? ಒದ್ದೆಯಾದ ಹಾಸಿಗೆ ಬಟ್ಟೆಗೆ? ಟ್ಯಾಂಕರ್ ಬರುವವರೆಗೆ ಬಕೆಟ್‌ನಲ್ಲಿ ಹೊತ್ತು ತಂದು ಒಂದೊಂದೇ ಟಾಯ್ಲೆಟ್‌ಗೆ ಸುರಿಯಬೇಕಿತ್ತು. ನಮ್ಮ ಸಹಾಯಕಿಯೊಬ್ಬರು ಒರೆಸುವ ಬಟ್ಟೆಯನ್ನು ತಮ್ಮ ಎರಡು ಅಂಗೈ ನಡುವೆ ಹಿಡಿದು ಬೆಚ್ಚಗೆ ಮಾಡಿ, ಆಮೇಲೆ ಅಜ್ಜಿಯ ಬೆನ್ನು ಒರೆಸುತ್ತಿದ್ದರು. ಬಿಸಿನೀರು ಇಲ್ಲದ ದಿನ ಅದು.

ಇನ್ನು ಸರ್ಕಾರದ ಕಚೇರಿಗಳಲ್ಲಿ ಕೂತವರಿಗೆ ಧನ್ಯವಾದ ಹೇಳಬೇಕು. ಇದನ್ನು ಸಾಮಾನ್ಯವಾಗಿ ಯಾರೂ ಹೇಳುವುದಿಲ್ಲ, ಅಲ್ವಾ? ಸೆಪ್ಟೆಂಬರ್ 28ರಂದು ಅಮೆರಿಕದ ಆರೋಗ್ಯ ಇಲಾಖೆ ನಮ್ಮ ರಾಜ್ಯಕ್ಕೆ ಸಾರ್ವಜನಿಕ ಆರೋಗ್ಯ ತುರ್ತು ಪರಿಸ್ಥಿತಿ ಘೋಷಿಸಿತು. ಆ ಘೋಷಣೆಯಿಂದಲೇ ಮೆಡಿಕೇರ್ (ಮುಖ್ಯವಾಗಿ ಹಿರಿಯರಿಗೆ ಇರುವ ಸರ್ಕಾರಿ ಆರೋಗ್ಯ ವಿಮೆ) ಮತ್ತು ಮೆಡಿಕೇಡ್ (ಕಡಿಮೆ ಆದಾಯದವರಿಗೆ ಇರುವುದು) ನೋಡಿಕೊಳ್ಳುವ ಸಿಎಂಎಸ್ ಎಂಬ ಸರ್ಕಾರಿ ಸಂಸ್ಥೆಗೆ ಕೆಲವು ನಿಯಮಗಳನ್ನು ತಾತ್ಕಾಲಿಕವಾಗಿ ಸಡಿಲಿಸಲು ದಾರಿಯಾಯಿತು. ಮಾಮೂಲಿ ದಿನಗಳಲ್ಲಿ ಮೂರು ದಿನ ಆಸ್ಪತ್ರೆಯಲ್ಲಿ ದಾಖಲಾಗಿದ್ದರೆ ಮಾತ್ರ ನಮ್ಮಂಥ ಕಡೆಯ ಚಿಕಿತ್ಸೆಗೆ ಮೆಡಿಕೇರ್ ಹಣ ಕೊಡುತ್ತದೆ. ಆ ಷರತ್ತನ್ನು ಬದಿಗಿಟ್ಟರು. ಒಬ್ಬ ಅಜ್ಜಿಯ ಮನೆಯಲ್ಲಿ ಕರೆಂಟ್ ಇಲ್ಲದೆ ಆಮ್ಲಜನಕದ ಯಂತ್ರ ನಿಂತುಹೋಗಿತ್ತು. ಮೊಮ್ಮಗ ಅವರನ್ನು ನೇರ ನಮ್ಮಲ್ಲಿಗೆ ಕರೆತಂದ. ಮೊದಲೇ ಕಿಕ್ಕಿರಿದಿದ್ದ ಆಸ್ಪತ್ರೆಯಲ್ಲಿ ಸುಮ್ನೆ ಮೂರು ದಿನ ಒಂದು ಮಂಚ ಹಿಡಿಯುವುದು ತಪ್ಪಿತು.

ನನ್ನ ಕೆಲಸ ಎಂಡಿಎಸ್. ಅಂದರೆ ಪ್ರತಿಯೊಬ್ಬ ನಿವಾಸಿಯ ಆರೋಗ್ಯದ ಸ್ಥಿತಿಯನ್ನು ಗೊತ್ತಾದ ಗಡುವಿನಲ್ಲಿ ದಾಖಲಿಸಿ ಕಳಿಸುವುದು. ಹೊಸಬರು ಸೇರಿದರೆ ಪೂರ್ತಿ ಮೌಲ್ಯಮಾಪನಕ್ಕೆ 14 ದಿನ. ಆ ಗಡುವನ್ನೂ ಸಡಿಲಿಸಿದರು. ಇಂಟರ್ನೆಟ್ಟೇ ಇಲ್ಲದ ಕಟ್ಟಡದಲ್ಲಿ ಆ ಒಂದು ಸಡಿಲಿಕೆಯಿಂದ ನನ್ನ ಕೈ ಬಿಡುವಾಯಿತು. ನಾನೂ ಬಕೆಟ್ ಹಿಡಿದೆ.

ಆದರೆ ಎಲ್ಲವನ್ನೂ ಸಡಿಲಿಸಲಿಲ್ಲ. ಅದಕ್ಕೂ ನಾನು ಕೃತಜ್ಞಳು. ನಿವಾಸಿಗಳ ಸುರಕ್ಷತೆಯ ಹೊಣೆ ನಮ್ಮ ಮೇಲೇ ಇತ್ತು. ಜನರೇಟರ್, ಬೇರೆ ಕೇಂದ್ರದ ಜೊತೆ ಮೊದಲೇ ಮಾಡಿಕೊಂಡ ಒಪ್ಪಂದ, ವರ್ಷವರ್ಷ ಮಾಡಿದ ಅಣಕು ಕವಾಯತು, ಇವೇ ನಮ್ಮನ್ನು ಕಾಪಾಡಿದವು. ಇವು ಸುಲಭಕ್ಕೆ ಬಂದವಲ್ಲ. 2005ರಲ್ಲಿ ಕತ್ರೀನಾ ಚಂಡಮಾರುತದಲ್ಲಿ ಲೂಯಿಸಿಯಾನದ ಸೇಂಟ್ ರೀಟಾಸ್ ಎಂಬ ವೃದ್ಧರ ಕೇಂದ್ರದಲ್ಲಿ 35 ಜನ ಮುಳುಗಿ ಸತ್ತರು. ಇಂಥ ದುರಂತಗಳ ನಂತರ, 2016ರಲ್ಲಿ, ಸಿಎಂಎಸ್ ವಿಪತ್ತು ಸಿದ್ಧತೆಯ ನಿಯಮ ತಂದು 2017ರ ನವೆಂಬರ್‌ವರೆಗೆ ಸಮಯ ಕೊಟ್ಟಿತು. ಆ ಗಡುವಿಗೆ ಎರಡು ತಿಂಗಳು ಬಾಕಿ ಇರುವಾಗ ಇರ್ಮಾ ಚಂಡಮಾರುತ ಬಂತು. ಫ್ಲಾರಿಡಾದ ಹಾಲಿವುಡ್‌ನಲ್ಲಿ ಎಸಿ ಕೆಟ್ಟ ಒಂದು ಕೇಂದ್ರದ 12 ಹಿರಿಯರು ಸೆಕೆಯಿಂದ ತೀರಿಕೊಂಡರು. ನಮ್ಮ ಜನರೇಟರ್ ಸದ್ದು ಕೇಳಿದಾಗೆಲ್ಲ ನನಗೆ ಆ ಹಿರಿಯರ ನೆನಪಾಗುತ್ತಿತ್ತು. ಅವರ ಮನೆಯವರಿಗೂ ನನ್ನ ನಮಸ್ಕಾರ ಸಲ್ಲಬೇಕು.

ಬೇರೆ ರಾಜ್ಯಗಳಿಂದ ಓಡಿ ಬಂದ ನರ್ಸ್‌ಗಳೇ, ನಿಮಗೆ ಎಷ್ಟು ಹೇಳಿದರೂ ಸಾಲದು. ಒಬ್ಬರ ನರ್ಸ್ ಲೈಸೆನ್ಸನ್ನು ಇನ್ನೊಬ್ಬರು ಒಪ್ಪಿಕೊಳ್ಳುವ ಒಪ್ಪಂದದ ರಾಜ್ಯಗಳವರಾದ್ದರಿಂದ ಹೊಸ ಪರವಾನಗಿಗೆ ಕಾಯಬೇಕಿರಲಿಲ್ಲ, ಬಂದವರೇ ಕೆಲಸಕ್ಕೆ ನಿಂತಿರಿ. ಇಲ್ಲೇ ಮರಿಯನ್ ಊರಿನ ಬಳಿ ಡ್ರಿಪ್ ದ್ರಾವಣ ತಯಾರಿಸುವ ಬ್ಯಾಕ್ಸ್‌ಟರ್ ಕಾರ್ಖಾನೆಗೆ ನೀರು ನುಗ್ಗಿ ದೇಶಕ್ಕೆಲ್ಲ ಅದರ ಕೊರತೆಯಾಯಿತು. ಆಗ ನೀವು ಚಮಚ ಚಮಚವಾಗಿ ನೀರು, ಜ್ಯೂಸ್ ಕುಡಿಸಿ, ಯಾರ ಮೈಯಲ್ಲೂ ನೀರು ಕಡಿಮೆಯಾಗದ ಹಾಗೆ ನೋಡಿಕೊಂಡಿರಿ.

ರಸ್ತೆ ತೆರೆದ ಕೂಡಲೇ ಶಾರ್ಲೆಟ್‌ನಿಂದ ಕಾರು ತುಂಬ ನೀರು, ಡಯಾಪರ್, ಬ್ಯಾಟರಿ ತಂದ ನಮ್ಮ ಕನ್ನಡದ ಗೆಳೆಯರೇ, ಜೊತೆಗೆ ನನಗಂತ ಕಟ್ಟಿ ತಂದ ಪುಳಿಯೋಗರೆಯನ್ನು ರಾತ್ರಿ ಪಾಳಿಯವರೆಲ್ಲ ಹಂಚಿಕೊಂಡು ತಿಂದೆವು. ಖಾರ ಜಾಸ್ತಿ ಅಂತಲೇ ಎರಡನೇ ಸಲ ಕೇಳಿದರು.

ಈಗ ನಮ್ಮ ವಿಪತ್ತು ಯೋಜನೆಯನ್ನು ತಿದ್ದುತ್ತಿದ್ದೇವೆ. ನೀರಿನ ಭಾಗ ಬರೆಯುವ ಹೊಣೆ ನನ್ನದು. ಎಲ್ಲಿಂದ ಟ್ಯಾಂಕರ್ ಬರಬೇಕು, ಒಬ್ಬರಿಗೆ ದಿನಕ್ಕೆ ಎಷ್ಟು ನೀರು, ಫೋನ್ ಸತ್ತಾಗ ಯಾರು ಯಾರ ಬಳಿ ಹೋಗಿ ಹೇಳಬೇಕು, ಎಲ್ಲವೂ ಅದರಲ್ಲಿ ಇರಬೇಕು. ಆಗ ನಮ್ಮ ಜೊತೆ ಇದ್ದವರು ಇದನ್ನು ಓದುತ್ತಿದ್ದರೆ, ನಿಮಗೆ ಕಂಡ ಕೊರತೆಗಳನ್ನು ದಯವಿಟ್ಟು ನನಗೆ ಬರೆದು ಕಳಿಸಿ.