ಅವ್ರೂರಲ್ಲಿ ಅವ್ರನ್ನ ಏನಂತ ಕರೀತಾರೆ, ಮೊದ್ಲು ಕೇಳು

ತಮ್ಮಾ,

ಅಯಾಹುವಾಸ್ಕಾ, ಅದೇ ಅಮೆಜಾನ್ ಕಾಡಿನೋರು ಕುದಿಸಿ ಕುಡಿಯೋ ಮತ್ತಿನ ಕಷಾಯದ ಬಗ್ಗೆ ನೀನ್ ಕಳ್ಸಿದ್ ಲೇಖನ ರಾತ್ರಿ ಎರಡ್ ಸಲ ಓದ್ದೆ. ಕಷ್ಟಪಟ್ಟು ಬರ್ದಿದೀಯ, ಆದ್ರೆ ಆತ್ಮಗಳ ಜೊತೆ ಮಾತಾಡಿ ರೋಗ ವಾಸಿ ಮಾಡೋರು ಅನ್ನೋ ಅರ್ಥದಲ್ಲಿ ಎಲ್ ನೋಡಿದ್ರೂ ಶಾಮನ್ ಶಾಮನ್ ಅಂತೈತೆ, ಪೆರುವಿನ ಶಿಪಿಬೊ ಜನಕ್ಕೂ ಅದೇ, ಮೆಕ್ಸಿಕೋದಲ್ಲಿ ಮತ್ತು ಬರ್ಸೋ ಅಣಬೆ ಇಟ್ಕೊಂಡು ರಾತ್ರಿಯೆಲ್ಲಾ ಹಾಡೋ ಅಜ್ಜೀರಿಗೂ ಅದೇ, ಆಫ್ರಿಕಾದ ಗಬಾನ್‌ನಲ್ಲಿ ಇಬೋಗಾ ಅನ್ನೋ ಮತ್ತಿನ ಗಿಡದ ಬೇರು ಕೊಡೋರಿಗೂ ಅದೇ. ಆ ಪದ ಹುಟ್ಟಿದ್ದು ಸೈಬೀರಿಯಾದ ಎವೆಂಕಿ ಜನರ ಬಾಯಲ್ಲಿ ಕಣೋ. ಶಿಪಿಬೋರು ಒನಾನ್ಯ ಅಂತಾರೆ, ಪೆರುವಲ್ಲಿ ಸ್ಪ್ಯಾನಿಷ್ ಮಾತಾಡೋರು ಕುರಾಂದೆರೊ (ವಾಸಿ ಮಾಡೋರು), ವೆಜೆತಲಿಸ್ತಾ (ಗಿಡ ಬಲ್ಲೋರು) ಅಂತಾರೆ, ಕೊಲಂಬಿಯಾ ಕಡೆ ತೈತಾ, ಅಂದ್ರೆ ಅಪ್ಪ, ನಮ್ ಕಡೆ ದೊಡ್ಡೋರ್ನ ಅಪ್ಪಾ ಅನ್ನಲ್ವಾ ಹಂಗೇ. ಗಬಾನ್‌ನಲ್ಲಿ ಎನ್‌ಗಂಗಾ. ಮೆಕ್ಸಿಕೋದ ಆ ಅಣಬೆ ಅಜ್ಜೀರಲ್ಲಿ ಹೆಸರಾದ ಮರಿಯಾ ಸಬಿನಾ ಅವ್ರನ್ನ ಅವ್ರ ಮಜಾತೆಕ್ ಜನ ಕರೀತಿದ್ದಿದ್ದು ಚೊತಾ ಚಿನೆ ಅಂತ, ಬಲ್ಲವರು ಅಂತ ಅರ್ಥ. ಒನಾನ್ಯ ಅಂದ್ರೂ ಬಲ್ಲವರೇ! ಎಷ್ಟ್ ದೂರದ ಎರಡ್ ಭಾಷೆ, ಒಂದೇ ಮಾತು. ಶಾಮನ್ ಅಂತ ಹಾಕ್ದಾಗ ಇದೆಲ್ಲಾ ಮುಚ್ಚೋಗುತ್ತೆ.

ನಾನೂ ಈ ತಪ್ಪು ಮಾಡ್ದೋನೇ. ಕೊರಟಗೆರೆ ಕಡೆ ಸಿದ್ಧರಬೆಟ್ಟದಿಂದ ಸೊಪ್ಪು ಬೇರು ತಂದು ಕಾಮಾಲೆಗೆ ಔಷಧಿ ಕೊಡ್ತಿದ್ ಒಬ್ಬ ಅಜ್ಜನ ಬಗ್ಗೆ ಬರೀವಾಗ, ಅರೆಯೋಕ್ ಮುಂಚೆ ಅವ್ರು ಬಾಯಲ್ಲೇ ಏನೋ ಹೇಳ್ಕೊಳ್ಳೋದ್ ನೋಡಿ ಮಂತ್ರವಾದಿ ಅಂತ ಬರ್ದ್‌ಬಿಟ್ಟೆ, ಓದೋರ್ಗೆ ಕುತೂಹಲ ಇರ್ಲಿ ಅಂತ. ಮೊಮ್ಮಗ ಓದಿ ಹೇಳಿದ್ನಂತೆ. ಮತ್ತೆ ಹೋದಾಗ ಅಜ್ಜ ಕೇಳಿದ್ದು ಒಂದೇ, "ನಾನ್ ಯಾರಿಗ್ ಮಾಟ ಮಾಡ್ಸಿದ್ದೆ ಸ್ವಾಮೀ?" ಊರೆಲ್ಲಾ ಅವ್ರನ್ನ ಪಂಡಿತ್ರು ಅಂತಿದ್ರು, ನಾನು ಕೇಳೇ ಇರ್ಲಿಲ್ಲ. ಇವತ್ತಿಗೂ ಆ ಮುಖ ನೆನಪಾದ್ರೆ ಊಟ ಸೇರಲ್ಲ.

ನಮ್ಮ ಪಾವಗಡದ ನರಸಮ್ಮನೋರ್ನ ನೋಡು, 2018ರಲ್ಲಿ ಪದ್ಮಶ್ರೀ ಬಂದಾಗ್ಲೂ ಸೂಲಗಿತ್ತಿ ನರಸಮ್ಮ ಅಂತ್ಲೇ ಕರೆದ್ರು. ಆ ಜಾಗದಲ್ಲಿ ನರ್ಸ್ ಅಂತ ಹಾಕಿದ್ರೆ ಆಯಮ್ಮ ಜೀವಮಾನ ಪೂರ್ತಿ ಏನ್ ಮಾಡಿದ್ರು ಅನ್ನೋದೇ ಕಾಣ್ಸಲ್ಲ.

ಹಂಗಂತ ಎಲ್ರಿಗೂ ದೊಡ್ ಬಿರುದು ಕೊಡ್ಬೇಡ. ಒನಾನ್ಯ ಆಗೋಕೆ ವರ್ಷಗಟ್ಲೆ ಪಥ್ಯ ಇರ್ಬೇಕು, ಗಿಡದ ಜೊತೆ ಕಾಡಲ್ಲಿ ಒಂಟಿಯಾಗಿರ್ಬೇಕು, ನಿನ್ ಲೇಖನದ ಕೊನೇಲಿ ಬರೋ ಆ ಯೂರೋಪಿನವ್ನು ಕೆಲವೇ ವಾರ ಟ್ರೈನಿಂಗ್ ತಗೊಂಡು ಕ್ಯಾಂಪ್ ನಡೆಸ್ತಾನೆ ಅಂತ ನೀನೇ ಬರ್ದಿದೀಯಲ್ಲ, ಅವ್ನು ಆಯೋಜಕ ಅಷ್ಟೇ, ಹಂಗೇ ಹಾಕು. ಮತ್ತೆ ಎರಡ್ನೇ ಪುಟದಲ್ಲಿ ಆ ಶಿಪಿಬೊ ತಾಯೀನ ಮಾಟಗಾತಿ ಅಂದಿದೀಯ, ಅದನ್ನ ಇವತ್ತೇ ತೆಗಿ. ಸಂದರ್ಶನ ಮಾಡ್ಸಿದೋರ ನಂಬರ್ ನಿನ್ ಹತ್ರ ಐತಲ್ಲ, ಆಯಮ್ಮಂಗೆ ಏನಂತ ಕರೆದ್ರೆ ಇಷ್ಟ ಅಂತ ಕೇಳ್ಸಿ, ಉತ್ತರ ಬಂದ್ಮೇಲೆ ನಂಗೂ ಕಳ್ಸು.

ನಿಮ್ಮಣ್ಣ,
ತುಮಕೂರು