ನಾನು ಸತ್ತರೆ ಸೈಕಲ್ ನಿನ್ನದು

ಪ್ರೀತಿಯ ಗೆಳೆಯಾ,

ನಮ್ಮ ಕತೆಗಳನ್ನು ನೀನು ನನಗಿಂತ ಚೆನ್ನಾಗಿ ಹೇಳುತ್ತೀಯ. ಯಾರ ಮುಂದೆ ಯಾವುದನ್ನು ಬಿಚ್ಚಬೇಕು, ಎಲ್ಲಿ ನಿಲ್ಲಿಸಿ ನೀರು ಕುಡಿಯಬೇಕು ಅನ್ನೋದು ನಿನಗೆ ಗೊತ್ತು. ಬ್ರೇಕಿಲ್ಲದ ಸೈಕಲ್ಲಿನಲ್ಲಿ ಇಳಿಜಾರು ಇಳಿದದ್ದು, ಮಹಡಿಯಿಂದ ಮರಳಿನ ಗುಡ್ಡೆಗೆ ಹಾರಿದ್ದು, ಕೊಂಬೆ ಮುರಿದಾಗ ನೀನು ಕೊಂಬೆಯನ್ನು ಸಂತೈಸಿದ್ದು. ಕೇಳಿದವರು ಹೊಟ್ಟೆ ಹಿಡಿದು ನಗುತ್ತಾರೆ. ನನಗೂ ಪ್ರತಿ ಸಲ ನಿಜವಾಗಿ ನಗು ಬರುತ್ತದೆ.

ಈಚೆಗೆ ಒಂದು ಕತೆಗೆ ಮಾತ್ರ ಬರುತ್ತಿಲ್ಲ. ನೀರಿನದ್ದು.

ನೀರೊಳಗೆ ಯಾರು ಜಾಸ್ತಿ ಹೊತ್ತು ಇರುತ್ತಾರೆ ಅನ್ನೋ ಪಂದ್ಯ ನೆನಪಿದೆ ಅಲ್ವಾ? ಮುಳುಗುವ ಮೊದಲು ಗಬಗಬ ಉಸಿರೆಳೆದು ಬಿಡುತ್ತಿದ್ದೆವು. ಬೆರಳ ತುದಿ ಜುಮ್ಮೆನ್ನುವವರೆಗೆ, ತಲೆ ಹಗುರಾಗುವವರೆಗೆ. ಹಾಗೆ ಮಾಡಿದರೆ ಎದೆಯಲ್ಲಿ ಗಾಳಿ ಜಾಸ್ತಿ ತುಂಬುತ್ತದೆ ಅಂತ ನಾವು ನಂಬಿದ್ದೆವು. ಮುಳುಗುವ ಮುಂಚೆ ನಾನು ಉಯಿಲು ಹೇಳಬೇಕು: ನಾನು ಸತ್ತರೆ ಸೈಕಲ್ ನಿನ್ನದು, ಹೋಮ್‌ವರ್ಕೂ ನಿನ್ನದೇ. ನೀನು ದಡದಲ್ಲಿ ನಿಂತು ಶ್ರದ್ಧಾಂಜಲಿ ಭಾಷಣ ಶುರು ಮಾಡುತ್ತಿದ್ದೆ. 'ಅಗಲಿದ ಗೆಳೆಯನು ಗಣಿತದಲ್ಲಿ ದಡ್ಡನಾದರೂ ಗುಣದಲ್ಲಿ ಅಪ್ಪಟ ಬಂಗಾರ...' ಭಾಷಣ ಮುಗಿಯುವುದರೊಳಗೆ ಮೇಲೆ ಬಂದರೆ ಸೋಲು. ನಿಯಮ ನಿನ್ನದೇ.

ಒಂದು ಸಲ ಭಾಷಣ ಮುಗಿದರೂ ನಾನು ಬರಲಿಲ್ಲ. ನಿನಗೆ ಬೇಜಾರಾಗಿ ಕೂದಲು ಹಿಡಿದು ಎಳೆದೆ. ಕತೆ ಹೇಳುವಾಗ ನೀನು ಇಲ್ಲಿ ಒಂದು ಸಾಲು ಸೇರಿಸುತ್ತೀಯ: 'ಒಂಚೂರೂ ಒದ್ದಾಡ್ತಿರಲಿಲ್ಲ, ಅದಕ್ಕೇ ನಾಟಕ ಅಂತ ಗೊತ್ತಾಯ್ತು.' ಜನ ಜಾಸ್ತಿ ನಗುವುದು ಆ ಸಾಲಿಗೇ.

ಅದು ನಾಟಕ ಆಗಿರಲಿಲ್ಲ.

ಆವತ್ತು ನೀರೊಳಗೆ ನನಗೆ ಯಾವ ಕಷ್ಟವೂ ಆಗಿರಲಿಲ್ಲ. ಎದೆ ಬಿಗಿಯಲಿಲ್ಲ, ಭಯವಾಗಲಿಲ್ಲ. ಇನ್ನೂ ಸ್ವಲ್ಪ ಹೊತ್ತು ಇರಬಹುದು ಅನ್ನಿಸಿದ್ದು ನೆನಪಿದೆ. ಆಮೇಲೆ ನೆನಪಿರುವುದು ನಿನ್ನ ಮುಷ್ಟಿ, ನಿನ್ನ ಬೈಗುಳ, ಮೂಗಿನಲ್ಲಿ ಉರಿ. ನಡುವಿನದ್ದು ಇಲ್ಲ. ನೀನು 'ಏನ್ ನಾಟಕ ಮಾಡ್ತೀಯೋ' ಅಂದೆ. ನಾನು ಹೌದು ಅಂದೆ. ಇಷ್ಟು ವರ್ಷ ಅದನ್ನೇ ಹೇಳಿಕೊಂಡು ಬಂದೆ.

ಅಲ್ಲಿ ಏನಾಯಿತು ಅಂತ ಈಗ ಓದಿ ತಿಳಿದುಕೊಂಡಿದ್ದೇನೆ. ಉಸಿರಾಡಲೇಬೇಕು ಅನ್ನುವ ತಡೆಯಲಾಗದ ಒತ್ತಡ ಬರುತ್ತದಲ್ಲ, ಅದನ್ನು ಮುಖ್ಯವಾಗಿ ಹುಟ್ಟಿಸುವುದು ಆಮ್ಲಜನಕದ ಕೊರತೆಯಲ್ಲ. ರಕ್ತದಲ್ಲಿ ಏರುವ ಕಾರ್ಬನ್ ಡೈಆಕ್ಸೈಡ್. ಗಬಗಬ ಉಸಿರಾಡಿದಾಗ ಅದು ದೇಹದಿಂದ ಹೊರಗೆ ಹೋಗಿಬಿಡುತ್ತದೆ. ಆಮ್ಲಜನಕವೇನೂ ಹೆಚ್ಚಾಗುವುದಿಲ್ಲ, ಅದು ರಕ್ತದಲ್ಲಿ ಮೊದಲೇ ಹೆಚ್ಚುಕಮ್ಮಿ ತುಂಬಿರುತ್ತದೆ. ಹಾಗಾಗಿ ನೀರೊಳಗೆ ಆಮ್ಲಜನಕ ಇಳಿಯುತ್ತಾ ಹೋಗುತ್ತದೆ, ಮೇಲೆ ಹೋಗು ಅನ್ನುವ ಒತ್ತಡ ಮಾತ್ರ ತಡವಾಗುತ್ತದೆ. ಅದು ಬರುವ ಮೊದಲೇ ಎಚ್ಚರ ತಪ್ಪಬಹುದು. ಎಚ್ಚರ ತಪ್ಪಿದವನು ಕೈಕಾಲು ಬಡಿಯುವುದಿಲ್ಲ, ಕೂಗುವುದಿಲ್ಲ. ನೋಡುವವರಿಗೆ ಇನ್ನೂ ಆಡುತ್ತಿರುವ ಹಾಗೇ ಕಾಣುತ್ತಾನೆ. ಚೆನ್ನಾಗಿ ಈಜು ಬರುವವರಿಗೂ, ಆಳವಿಲ್ಲದ ನೀರಿನಲ್ಲೂ ಹೀಗಾಗುತ್ತದೆ.

ನೀನು ನಾಟಕ ಅಂತ ಗುರುತಿಸಿದ್ದು ಅದನ್ನೇ ಗೆಳೆಯಾ. ಆವತ್ತು ನಿನ್ನ ಭಾಷಣ ಇನ್ನೊಂದೆರಡು ಪ್ಯಾರಾ ಉದ್ದ ಇದ್ದಿದ್ದರೆ ಅಂತ ಯೋಚಿಸುತ್ತೇನೆ. ಮಲಗುವ ಹೊತ್ತಿಗೇ ಈ ಯೋಚನೆ ಬರುತ್ತದೆ.

ಬೇರೆ ಹುಚ್ಚಾಟಗಳ ಬಗ್ಗೆ ನನಗೆ ಹೀಗನ್ನಿಸುವುದಿಲ್ಲ. ಮರದ ತುದಿಯಲ್ಲಿ ಕಾಲು ನಡುಗುತ್ತಿತ್ತು. ಇಳಿಜಾರಿನಲ್ಲಿ ಹೊಟ್ಟೆ ತೊಳಸುತ್ತಿತ್ತು. ಸಾಕು, ಇಳಿ ಅಂತ ಮೈ ಹೇಳುತ್ತಿತ್ತು, ಸುಮಾರು ಸಲ ನಾವು ಕೇಳಿದ್ದೇವೆ ಕೂಡ. ನಾರ್ವೆಯ ಸಂಶೋಧಕಿ ಎಲೆನ್ ಸ್ಯಾಂಡ್‌ಸೆಟರ್ ಮಕ್ಕಳ ಅಪಾಯದ ಆಟಗಳನ್ನೇ ಅಧ್ಯಯನ ಮಾಡಿದವರು. ಎತ್ತರ, ವೇಗ, ಕುಸ್ತಿಯಂಥ ಆಟಗಳಲ್ಲಿ ಮಕ್ಕಳು ಭಯವನ್ನು ಸ್ವಲ್ಪ ಸ್ವಲ್ಪವೇ ಪಳಗಿಸಿಕೊಳ್ಳುತ್ತಾರೆ ಅನ್ನುವುದು ಅವರ ವಾದ. ನನಗದು ಪೂರ್ತಿ ಒಪ್ಪಿಗೆ. ಮಕ್ಕಳು ಮರ ಹತ್ತಲಿ, ಮಂಡಿ ತರಚಿಕೊಳ್ಳಲಿ. ಆದರೆ ಉಸಿರಿನ ಆಟದಲ್ಲಿ ಪಳಗಿಸಿಕೊಳ್ಳೋಕೆ ಭಯವೇ ಇರಲಿಲ್ಲ. ಅದನ್ನು ನಾವೇ ಮೊದಲು ಊದಿ ಹೊರಗೆ ಹಾಕಿದ್ದೆವು. ನನ್ನ ನಿದ್ದೆ ಕೆಡಿಸಿರುವುದು ಇದು.

ಇನ್ನೊಂದು ಮಾತು. ಇದನ್ನು ಬರೆಯಬೇಕು ಅಂತ ಕೂತಿರಲಿಲ್ಲ. 2005ರಲ್ಲಿ ಮಾರ್ಗೊ ಗಾರ್ಡನರ್ ಮತ್ತು ಲಾರೆನ್ಸ್ ಸ್ಟೈನ್‌ಬರ್ಗ್ ಅನ್ನುವ ಮನೋವಿಜ್ಞಾನಿಗಳು ಒಂದು ಅಧ್ಯಯನ ಪ್ರಕಟಿಸಿದರು. 306 ಜನರಿಗೆ ಕಂಪ್ಯೂಟರಿನಲ್ಲಿ ಕಾರು ಓಡಿಸುವ ಆಟ ಕೊಟ್ಟರು. ಹಳದಿ ದೀಪ ಬಂದ ಮೇಲೂ ಎಷ್ಟು ದೂರ ಓಡಿಸುತ್ತೀರಿ ಅನ್ನುವುದೇ ಪರೀಕ್ಷೆ. 13ರಿಂದ 16 ವರ್ಷದವರು ಗೆಳೆಯರ ಜೊತೆ ಇದ್ದಾಗ, ಒಬ್ಬರೇ ಇದ್ದಾಗಿನದಕ್ಕಿಂತ ತುಂಬಾ ಜಾಸ್ತಿ ಅಪಾಯಕ್ಕೆ ಕೈಹಾಕಿದರು. 24 ಮತ್ತು ಅದಕ್ಕಿಂತ ಹೆಚ್ಚು ವಯಸ್ಸಿನವರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಓದಿ ಸುಮ್ಮನೆ ಕೂತೆ. ನೀನಿಲ್ಲದ ದಿನ ನಾನು ಒಂದು ಸಲವೂ ಆ ನೀರಿಗೆ ಇಳಿದಿಲ್ಲ. ಮರ ಹತ್ತಿಲ್ಲ. ನನಗೆ ಬೇಕಾಗಿದ್ದದ್ದು ಗೆಲುವಲ್ಲ. ನಾನು ಸತ್ತರೆ ನೀನು ಏನು ಹೇಳುತ್ತೀಯ ಅನ್ನೋದು ಬೇಕಿತ್ತು. 'ಗುಣದಲ್ಲಿ ಅಪ್ಪಟ ಬಂಗಾರ' ಅಂತ ಆ ವಯಸ್ಸಿನಲ್ಲಿ ನನಗೆ ಬೇರೆ ಯಾರೂ ಹೇಳಿರಲಿಲ್ಲ. ತಮಾಷೆಗೂ ಹೇಳಿರಲಿಲ್ಲ.

ಸರಿ, ಇದು ಜಾಸ್ತಿಯಾಯಿತು. ಇಲ್ಲಿ ನಾಲ್ಕು ಜನ ಓದುತ್ತಿದ್ದಾರೆ, ನೀನು ಫೋನ್ ಮಾಡಿ ಬೈಯುತ್ತೀಯ ಅಂತಲೂ ಗೊತ್ತು. ಬೈದುಬಿಡು. ಕತೆ ಹೇಳುವುದನ್ನು ಮಾತ್ರ ನಿಲ್ಲಿಸಬೇಡ. ಎದುರಿಗೆ ಈಜು ಕಲಿಯುವ ವಯಸ್ಸಿನ ಮಕ್ಕಳಿದ್ದರೆ 'ಒದ್ದಾಡ್ತಿರಲಿಲ್ಲ' ಅನ್ನುವ ಕಡೆ ನಿಲ್ಲಿಸಿ, ನಿಜ ಏನು ಅಂತ ನಿನ್ನ ಧಾಟಿಯಲ್ಲೇ ಹೇಳು. ಗಬಗಬ ಉಸಿರಾಡಿ ಮುಳುಗಬಾರದು, ಉಸಿರು ಹಿಡಿಯುವ ಪಂದ್ಯವೇ ಬೇಡ ಅಂತ ಹೇಳು. ನಾನು ಹೇಳಿದರೆ ಪಾಠ ಅನ್ನುತ್ತಾರೆ. ನೀನು ಹೇಳಿದರೆ ಕೇಳುತ್ತಾರೆ.

ಭಾಷಣವನ್ನೂ ಬಿಡಬೇಡ. ಗಣಿತದ ಮಾತು ಮಾತ್ರ ಅಲ್ಲಿಂದ ತೆಗೆ. ಏಳನೇ ತರಗತಿಯ ಅಂಕಪಟ್ಟಿ ಇನ್ನೂ ನನ್ನ ಹತ್ತಿರ ಇದೆ, ಯಾರಿಗೆ ಎರಡು ಅಂಕ ಜಾಸ್ತಿ ಬಂದಿತ್ತು ಅಂತ ನಿನಗೂ ಗೊತ್ತು.

ನಿನ್ನ,
ಅಗಲದ ಗೆಳೆಯ